ಟ್ಯಾಬ್ ಒತ್ತಿದರೆ ಬಂದ ಬೈಗುಳ

ಪಂಪ್‌ಹೌಸಿನಲ್ಲಿ ಅವನನ್ನು ಎದುರಿಗೆ ಎಲ್ಲರೂ ಅಣ್ಣ ಎನ್ನುತ್ತಿದ್ದರು, ಬೆನ್ನ ಹಿಂದೆ ಕುಕ್ಕರ್ ಎನ್ನುತ್ತಿದ್ದರು. ಅವನಿಗೆ ಎರಡೂ ಗೊತ್ತಿತ್ತು. ಎರಡನೆಯದರ ಬಗ್ಗೆ ಅವನ ತಕರಾರು ಒಂದೇ: ಕುಕ್ಕರ್ ಸಿಡಿಯುವ ಮುಂಚೆ ಕೂಗಿ ಹೇಳುತ್ತದೆ, ತಾನು ಅಷ್ಟು ಮರ್ಯಾದೆಯನ್ನೂ ಇಟ್ಟುಕೊಂಡವನಲ್ಲ. ಹಾಗಾಗಿ ಆ ಹೆಸರು ತನಗೆ ಕೊಂಚ ಹೆಚ್ಚೇ ಆಯಿತು ಎಂಬುದು ಅವನ ಅಭಿಪ್ರಾಯ.

ಊರಿನ ಟ್ಯಾಂಕುಗಳಿಗೆ ನೀರು ಏರಿಸುವ ಪಂಪ್‌ಹೌಸ್ ಅದು. ಅವನು ಅಲ್ಲಿಗೆ ಸೇರಿದ್ದು ವಾಲ್ವ್ ತಿರುಗಿಸುವ ಕೆಲಸಕ್ಕೆ, ಕೈಯಲ್ಲಿ ಪಾನಾ ಹಿಡಿದುಕೊಂಡು. ಆಮೇಲೆ ಒಂದು ದಿನ ಕಂಟ್ರೋಲ್ ರೂಮಿಗೆ ಕಂಪ್ಯೂಟರ್ ಬಂತು. ಯಾರಾದರೂ ಒಬ್ಬರು ಕಲಿಯಬೇಕು ಎಂದು ಇಂಜಿನಿಯರ್ ಹೇಳಿದಾಗ ಉಳಿದವರೆಲ್ಲ ಕೆಮ್ಮಿಕೊಂಡು ಹೊರಗೆ ಹೋದರು. ಇವನು ಜಗಳ ಆಡಲಿಕ್ಕೆಂದು ನಿಂತವನು ಸಿಕ್ಕಿಬಿದ್ದ. ಹಳ್ಳಿಯ ಒಂದೇ ಕೋಣೆಯ ಶಾಲೆಯಲ್ಲಿ ಕಲಿತ ಇಂಗ್ಲಿಷ್ ಅಕ್ಷರಗಳು ಕೀಬೋರ್ಡಿನ ಮೇಲೆ ಚೆಲ್ಲಾಪಿಲ್ಲಿಯಾಗಿ ಬಿದ್ದಿರುವುದನ್ನು ನೋಡಿ, ಇದನ್ನು ಜೋಡಿಸಿದವನಿಗೆ ಎಬಿಸಿಡಿ ಬರುತ್ತಿರಲಿಲ್ಲ ಎಂದು ಮೊದಲ ದಿನವೇ ತೀರ್ಪು ಕೊಟ್ಟ. ಎರಡು ತೋರುಬೆರಳಲ್ಲಿ, ಬೋಲ್ಟು ಬಿಗಿಯುವ ಜೋರಿನಲ್ಲಿ ಟೈಪ್ ಮಾಡುವುದನ್ನು ಅಂದು ಕಲಿತವನು ಇಂದಿಗೂ ಬಿಟ್ಟಿರಲಿಲ್ಲ.

ಕೆಲಸವೇನೋ ಸುಲಭವೇ. ಕಪ್ಪು ಪರದೆ, ಅದರಲ್ಲಿ ಮಿನುಗುವ ಒಂದು ಗೆರೆ. ಅದರ ಮುಂದೆ ಆಜ್ಞೆ ಹೊಡೆದು ಎಂಟರ್ ಒತ್ತಬೇಕು: ಟ್ಯಾಂಕಿನ ಮಟ್ಟ ತೋರಿಸು, ಮೋಟಾರಿನ ಬಿಸಿ ತೋರಿಸು, ವಾರಕ್ಕೊಮ್ಮೆ ಎಲ್ಲದರ ಬ್ಯಾಕಪ್ ತೆಗೆ. ಆಜ್ಞೆ ತೆಗೆದುಕೊಳ್ಳುವ ಆ ಪ್ರೋಗ್ರಾಮಿಗೆ ಶೆಲ್ ಎಂದು ಹೆಸರು. ಬ್ಯಾಕಪ್ಪಿನ ಆಜ್ಞೆಯಂತೂ ಪರದೆಯ ಈ ಅಂಚಿನಿಂದ ಆ ಅಂಚಿಗೆ ಮುಟ್ಟುವಷ್ಟು ಉದ್ದ. ಅದನ್ನು ಅವನು ಕಂಠಪಾಠ ಮಾಡಿದ್ದ. ಮಗ್ಗಿ ಒಪ್ಪಿಸಿದ ಹಾಗೆ, ಮಧ್ಯೆ ಯಾರಾದರೂ ಮಾತಾಡಿಸಿದರೆ ಮೊದಲಿನಿಂದ.

ರಕ್ತದ ಒತ್ತಡ ಶುರುವಾದಾಗ ಡಾಕ್ಟರು, ಕೋಪ ಮಾಡ್ಕೋಬೇಡಿ ಎಂದರು. ಅದಕ್ಕೇ ಅವನಿಗೆ ಕೋಪ ಬಂತು. ಮನೆಗೆ ಬಂದಾಗ ಹೆಂಡತಿ ಬಟ್ಟೆ ಮಡಿಸುತ್ತಾ ಒಂದು ಉಪಾಯ ಹೇಳಿದಳು.

"ರೀ, ಬಯ್ಯಲೇಬೇಕು ಅಂತಿದ್ರೆ ಮನಸ್ಸಿಗೆ ಹಚ್ಚಿಕೊಳ್ಳದೇ ಇರೋರಿಗೆ ಬಯ್ಯಿರಿ."

"ಅಂಥೋರು ಯಾರಿದಾರೆ ಈ ಮನೇಲಿ?"

"ಮನೇಲಿ ಇದ್ದವಳು ರಿಟೈರ್ ಆದ್ಲು. ಕೆಲಸದ ಜಾಗದಲ್ಲಿ ಹುಡುಕ್ಕೊಳ್ಳಿ."

ಹುಡುಕಿದ, ಸಿಕ್ಕಿತು. ಇಂಜಿನಿಯರ್ ಮೇಲೆ ಸಿಟ್ಟು ಬಂದ ಒಂದು ಮಧ್ಯಾಹ್ನ, ಮಿನುಗುವ ಗೆರೆಯ ಮುಂದೆ, ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚ ಕನ್ನಡದ ಒಂದು ಬೈಗುಳವನ್ನು ಕುಟ್ಟಿ ಎಂಟರ್ ಒತ್ತಿದ. ಶೆಲ್ ಒಂದೇ ಸಾಲಿನಲ್ಲಿ, ಇಂಥ ಆಜ್ಞೆ ಸಿಗಲಿಲ್ಲ ಎಂದು ಉತ್ತರ ಕೊಟ್ಟು, ಮತ್ತೆ ಗೆರೆ ಮಿನುಗಿಸಿಕೊಂಡು ಕೂತಿತು. ಎದುರು ಮಾತಿಲ್ಲ, ಅಳು ಇಲ್ಲ, ಮೇಲಿನವರಿಗೆ ದೂರು ಇಲ್ಲ. ಇಷ್ಟು ವರ್ಷ ಸಿಗದ ಒಳ್ಳೆಯ ಕೈಕೆಳಗಿನವನು ಸಿಕ್ಕಿದ ಎಂದು ಅವನಿಗೆ ಎದೆ ತಣ್ಣಗಾಯಿತು. ಅಂದಿನಿಂದ ಅದು ರೂಢಿಯಾಯಿತು. ಒಮ್ಮೆ ಮಾತ್ರ ಬೈಗುಳದ ನಡುವೆ ಬಾಣದ ಗುರುತೊಂದನ್ನು ಕುಟ್ಟಿಬಿಟ್ಟಿದ್ದ; ಶೆಲ್ ಅದನ್ನು ಕಡತ ಮಾಡು ಎಂಬ ಆಜ್ಞೆ ಎಂದುಕೊಂಡು, ಹೆಂಡತಿಯ ತಮ್ಮನ ಹೆಸರಿನ ಖಾಲಿ ಕಡತವೊಂದನ್ನು ಹುಟ್ಟಿಸಿತ್ತು. ಒಳಗೆ ಏನೂ ಇರಲಿಲ್ಲ. ಅದು ಭಾವಮೈದುನನನ್ನು ಸರಿಯಾಗಿ ಹೋಲುತ್ತದೆ ಎಂದು ಹಾಗೇ ಬಿಟ್ಟ.

ಅವನ ಮಗಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಿದ್ದಳು. ಅಲ್ಲಿಗೆ ಮೇಲಿಂದ ಮೇಲೆ ಕನ್ನಡಕದ ತಿರುಪು ಸಡಿಲ ಮಾಡಿಕೊಂಡು ಬರುತ್ತಿದ್ದ ಹುಡುಗನೊಬ್ಬನನ್ನು ಅವಳು ಒಪ್ಪಿದ್ದಳು. ಇದಕ್ಕೆ ಹಿಂದೆ ಒಂದು ಸಂಬಂಧ ಬಂದಿತ್ತು. ಆ ಹುಡುಗನ ಚಿಕ್ಕಪ್ಪ ಲೋಟ ಕೆಳಗಿಟ್ಟು, ನಿಮ್ಮೂರ ನೀರು ಯಾಕೋ ಪೈಪಿನ ರುಚಿ ಹೊಡೆಯುತ್ತೆ ಎಂದಿದ್ದ. ಅಷ್ಟೇ. ಅಲ್ಲಿಂದ ಮುಂದಿನ ಮಾತುಕತೆ ಬೀದಿಯ ಕೊನೆಯ ಮನೆಯವರಿಗೂ ಕೇಳಿಸಿತ್ತು. ಆ ಸಂಬಂಧ ತಪ್ಪಿದ್ದಕ್ಕೆ ಮಗಳಿಗೆ ಅಂಥ ದುಃಖವೇನೂ ಆಗಿರಲಿಲ್ಲ. "ಬೇಡ ಅನ್ನೋದು ನನ್ನ ಬಾಯಲ್ಲಿ ಬರ್ಬೇಕಿತ್ತು ಅಪ್ಪಾ, ನಿನ್ನ ಬಾಯಲ್ಲಲ್ಲ" ಎಂದು ಮಾತ್ರ ಹೇಳಿದ್ದಳು. ಈ ಸಲ ಮೊದಲೇ ಎಚ್ಚರಿಕೆ ಕೊಟ್ಟಳು.

"ಇವನು ನನಗೆ ಬೇಕು. ನೀನು ಬಾಯಿ ಹಾಕಿ ಇದನ್ನೂ ಕೆಡಿಸಿದ್ರೆ ನಾನು ನಿನ್ನ ಹತ್ರ ಮಾತಾಡಲ್ಲ. ತಮಾಷೆಗೆ ಹೇಳ್ತಿಲ್ಲ."

ತಮಾಷೆಗಲ್ಲ ಎಂದು ಅವನಿಗೆ ಗೊತ್ತಿತ್ತು. ಹಟದಲ್ಲಿ ಅವಳು ಅವನ ಮಗಳೇ.

ಹುಡುಗನ ಅಪ್ಪ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು. ಮನೆಗೆ ಬರುವ ದಿನ ಗೊತ್ತು ಮಾಡಲು ಅವರೇ ಫೋನ್ ಮಾಡಿದರು. ದನಿ ಎಷ್ಟು ಮೆತ್ತಗೆಂದರೆ ಅವನು ಫೋನನ್ನು ಕಿವಿಗೆ ಒತ್ತಿ ಒತ್ತಿ ಕಿವಿ ಕೆಂಪಾಯಿತು. ದಿನ ಗೊತ್ತಾಯಿತು. ಅಲ್ಲಿಗೆ ಫೋನ್ ಇಟ್ಟಿದ್ದರೆ ಆಗಿತ್ತು. ಮೇಷ್ಟ್ರು ಕೆಲಸದ ಬಗ್ಗೆ ವಿಚಾರಿಸಿದರು, ಇವನು ಕೊಚ್ಚಿಕೊಂಡ.

"ಬ್ಯಾಕಪ್ ಕಮಾಂಡು ಪೂರ್ತಿ ಒಂದು ಸಾಲು ಮೇಷ್ಟ್ರೇ. ಎಲ್ಲಾ ಬಾಯಿಪಾಠ. ಒಂದಕ್ಷರ ನೋಡದೇ ಹೊಡೀತೀನಿ."

"ಪ್ರತಿ ಸಲ ಪೂರ್ತಿ ಹೊಡೀತೀರಾ? ಟ್ಯಾಬಿಗೆ ಹಿಸ್ಟರಿ ಹಾಕ್ಕೊಂಡಿಲ್ವಾ?"

"ಅಂದ್ರೆ?"

"ನೀವು ಹಿಂದೆ ಕೊಟ್ಟ ಕಮಾಂಡೆಲ್ಲ ಶೆಲ್ ನೆನಪಿಟ್ಟುಕೊಂಡಿರುತ್ತೆ, ಅದೇ ಹಿಸ್ಟರಿ. ಮೊದಲೆರಡು ಅಕ್ಷರ ಹೊಡೆದು ಟ್ಯಾಬ್ ಕೀಲಿ ಒತ್ತಿದ್ರೆ ಹಳೇ ಸಾಲು ಪೂರ್ತಿ ತಾನೇ ಬರೋ ಹಾಗೆ ಮಾಡ್ಕೋಬಹುದು. ಸುಲಭ. ನಮ್ಮ ಮೊದಲನೇ ವರ್ಷದ ಮಕ್ಕಳೂ ಮಾಡ್ಕೋತಿದ್ರು."

ಮೇಷ್ಟ್ರು ಸಹಜವಾಗಿ ಹೇಳಿದ್ದರು. ಆದರೆ ಆ ಮೊದಲನೇ ವರ್ಷದ ಮಕ್ಕಳು ಅವನ ಎದೆಯ ಮೇಲೆ ಬೂಟು ಹಾಕಿಕೊಂಡು ನಡೆದರು. ಬಾಯಿಗೆ ಬಂದದ್ದನ್ನು ನುಂಗಿ, ಆಗಲಿ ಮೇಷ್ಟ್ರೇ, ನಮಸ್ಕಾರ ಮೇಷ್ಟ್ರೇ ಎಂದು ಫೋನ್ ಇಟ್ಟ. ನುಂಗಿದ್ದು ಹೊಟ್ಟೆಯಲ್ಲಿ ಉಳಿಯಲಿಲ್ಲ. ಮಿನುಗುವ ಗೆರೆಯ ಮುಂದೆ ಕೂತು ಪೂರ್ತಿ ಕಕ್ಕಿದ. ಶೆಲ್ ಎಂದಿನಂತೆ, ಇಂಥ ಆಜ್ಞೆ ಸಿಗಲಿಲ್ಲ ಎಂದಿತು.

ಸಿಟ್ಟು ಇಳಿದರೂ ಆ ಮಕ್ಕಳು ಮಾತ್ರ ಇಳಿಯಲಿಲ್ಲ. ಮೇಷ್ಟ್ರು ಬರುವಷ್ಟರಲ್ಲಿ ಟ್ಯಾಬನ್ನು ಪಳಗಿಸಿ ಇಡಬೇಕೆಂದು ತೀರ್ಮಾನಿಸಿದ. ಸೆಟ್ಟಿಂಗಿನ ಕಡತದಲ್ಲಿ ಒಂದೇ ಒಂದು ಸಾಲು ಬರೆದರೆ ಆಯಿತು ಎಂದು ಇಂಟರ್‌ನೆಟ್ಟಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಆ ಒಂದು ಸಾಲು ಅವನ ಒಂದು ಇಡೀ ದಿನ ತಿಂದಿತು. ಮೊದಲು ಉದ್ಧರಣ ಚಿಹ್ನೆ ತೆರೆದು ಮುಚ್ಚುವುದನ್ನು ಮರೆತ. ಆಮೇಲೆ ಬರೆಯಬೇಕಾದ ಕಡತ ಬಿಟ್ಟು ಬೇರೊಂದರಲ್ಲಿ ಬರೆದ. ಕೊನೆಗೆ ಟ್ಯಾಬ್ ತನ್ನ ಹಳೆಯ ಕೆಲಸವನ್ನೂ ಬಿಟ್ಟು, ಒತ್ತಿದಾಗಲೆಲ್ಲ ಟಿಂಗ್ ಎಂದು ಮಾತ್ರ ಕೂಗತೊಡಗಿತು. ಪಕ್ಕದ ಮೋಟಾರ್ ಕೋಣೆಯಿಂದ ಫಿಟ್ಟರ್ ಕೈ ಒರೆಸಿಕೊಳ್ಳುತ್ತಾ ಓಡಿಬಂದ.

"ಅಣ್ಣಾ, ಯಾವ ಅಲಾರಂ ಅದು? ಟ್ಯಾಂಕ್ ತುಂಬಿ ಹರೀತಿದ್ಯಾ?"

"ಟ್ಯಾಂಕಲ್ಲ. ನನ್ನ ತಲೆ. ಹೋಗು ನೀನು."

"ತಲೆ ತುಂಬಿ ಹರೀತಿದ್ಯಾ?"

"ಖಾಲಿ ಇದೆ ಅಂತ ಕೂಗ್ತಿದೆ. ಹೋಗೋ."

ಸಂಜೆಯ ಹೊತ್ತಿಗೆ ಚಿಹ್ನೆ ಮುಚ್ಚಿತು, ಕಡತ ಸರಿಯಾಯಿತು. ಮಟ್ಟ ನೋಡುವ ಆಜ್ಞೆಯ ಮೊದಲೆರಡು ಅಕ್ಷರ ಹೊಡೆದು ಟ್ಯಾಬ್ ಒತ್ತಿದ. ಇಡೀ ಸಾಲು ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ನಿಂತಿತು. ಅವನಿಗೆ ನಗು ಬಂತು. ಇಷ್ಟು ವರ್ಷ ಬೆರಳು ಸವೆಸಿದ್ದು ಯಾವ ಪುರುಷಾರ್ಥಕ್ಕೆ ಎಂದು ತನ್ನನ್ನೇ ಕೇಳಿಕೊಂಡು, ಇನ್ನೊಮ್ಮೆ ಒತ್ತಿದ, ಮತ್ತೊಮ್ಮೆ ಒತ್ತಿದ. ಹೊಸ ಸೈಕಲ್ಲಿನ ಗಂಟೆ ಹೊಡೆಯುವ ಹುಡುಗನೂ ಅಷ್ಟು ಹೊಡೆಯಲಾರ. ಹಾಗೇ ಹುರುಪಿನಲ್ಲಿ ಬ್ಯಾಕಪ್ಪಿನ ಮೊದಲೆರಡು ಅಕ್ಷರ, ಬಿ ಮತ್ತು ಎ, ಹೊಡೆದು ಟ್ಯಾಬ್ ಒತ್ತಿದ.

ಪರದೆಯ ಮೇಲೆ ಬಂದದ್ದು ಬ್ಯಾಕಪ್ ಅಲ್ಲ: ಬಡಾಯಿ ಮೇಷ್ಟ್ರೇ, ಟ್ಯಾಬ್ ಹಾಕ್ಕೊಂಡಿಲ್ವಾ ಅಂತ ನನ್ನೇ ಕೇಳ್ತೀಯಾ, ನಿನ್ನ ಮಗನ್ನ ನೀನೇ ಇಟ್ಕೋ.

ಅವನ ನಗು ಅಲ್ಲೇ ಒಣಗಿತು. ಇಂಗ್ಲಿಷ್ ಅಕ್ಷರಗಳಲ್ಲಿ ಬಡಾಯಿಯೂ ಬಿ, ಎ ಎಂದೇ ಶುರುವಾಗುತ್ತಿತ್ತು. ಶೆಲ್ ಎಲ್ಲ ನೆನಪಿಟ್ಟುಕೊಳ್ಳುತ್ತದೆ ಎಂದು ಮೇಷ್ಟ್ರು ಹೇಳಿದ್ದರು. ಎಲ್ಲ ಎಂದರೆ ಎಲ್ಲ ಎಂದು ಅವನಿಗೆ ಹೊಳೆದಿರಲಿಲ್ಲ. ಎದುರು ಮಾತಾಡದ ಆ ಒಳ್ಳೆಯ ಕೈಕೆಳಗಿನವನು ಇಷ್ಟು ಕಾಲವೂ ಒಂದಕ್ಷರ ಬಿಡದೆ ಬರೆದಿಟ್ಟುಕೊಂಡೇ ಕೂತಿದ್ದ. ಹಿಸ್ಟರಿಯ ಕಡತ ತೆರೆದು ನೋಡಿದರೆ ಟ್ಯಾಂಕಿನ ಮಟ್ಟಗಳ ನಡುವೆ ಇಂಜಿನಿಯರ್, ಡಾಕ್ಟರು, ಭಾವಮೈದುನ ಎಲ್ಲರೂ ಹುಳಿಗೆ ಬಿದ್ದ ನೊಣಗಳ ಹಾಗೆ ಅಲ್ಲಲ್ಲಿ ಕಾಣಿಸಿದರು. ಒಂದೊಂದೇ ಹುಡುಕಿ ಅಳಿಸಿದ. ಕೆಲವನ್ನು ಅಳಿಸುವಾಗ ಕೈ ತಡೆಯಿತು. ಇಷ್ಟು ಸೊಗಸಾಗಿ ಇನ್ನೊಮ್ಮೆ ಬಯ್ಯಲು ತನ್ನಿಂದ ಆಗುತ್ತದೋ ಇಲ್ಲವೋ ಎನಿಸಿತು. ಮಗಳ ಮುಖ ನೆನೆದು ಅವನ್ನೂ ಅಳಿಸಿದ. ಕಡತ ಉಳಿಸಿ, ಇನ್ನೊಮ್ಮೆ ನೋಡಿ, ಶೆಲ್ ಮುಚ್ಚಿ ಎದ್ದ. ಎಣ್ಣೆ ಸ್ನಾನ ಮಾಡಿ ಬಂದವನ ಹಾಗೆ ಹಗುರಾಗಿ ಮನೆಗೆ ಹೋದ.

ಮರುದಿನ ಮೇಷ್ಟ್ರು ಬಂದರು. ಮನೆಯಲ್ಲಿ ಅವನ ನಡತೆಗೆ ಹೆಸರಿಡುವಂತಿರಲಿಲ್ಲ. ಕೇಳಿದ್ದಕ್ಕೆಲ್ಲ ಹೌದು, ಇಲ್ಲ, ನಿಮ್ಮ ಆಶೀರ್ವಾದ ಎಂಬ ಮೂರೇ ಉತ್ತರ. ಲೋಟದ ನೀರನ್ನು ಮೇಷ್ಟ್ರು ಬಾಯಿಗೆ ಹಿಡಿದಾಗ ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದರು. ಮೇಷ್ಟ್ರು ಕುಡಿದು, ಏನೂ ಹೇಳದೆ ಲೋಟ ಕೆಳಗಿಟ್ಟರು.

"ನಿಮ್ಮ ಯಜಮಾನ್ರು ತುಂಬಾ ಶಾಂತ ಅಲ್ವಾ ತಾಯಿ?" ಎಂದು ಹೆಂಡತಿಯನ್ನು ಕೇಳಿದರು.

"ಇವತ್ತು ಹಲ್ಲುನೋವಿರಬೇಕು" ಎಂದಳು ಅವಳು.

ಮೇಷ್ಟ್ರಿಗೆ ಪಂಪ್‌ಹೌಸ್ ನೋಡುವ ಆಸೆ. ಮಗಳೂ ಜೊತೆಗೆ ಹೊರಟಳು, ದಾರಿಯುದ್ದಕ್ಕೂ ಅಪ್ಪನ ಪಕ್ಕದಲ್ಲೇ ನಡೆದಳು, ನಾಯಿ ಕಟ್ಟಿದ ಸರಪಳಿ ಹಿಡಿದವಳ ಹಾಗೆ. ಕಬ್ಬಿಣದ ಮೆಟ್ಟಿಲು, ಗ್ರೀಸಿನ ವಾಸನೆ, ಅಂಗಾಲಿಗೆ ತಟ್ಟುವ ಮೋಟಾರುಗಳ ನಡುಕ. ಮೇಷ್ಟ್ರು ಎಲ್ಲವನ್ನೂ ನಿಂತು ನಿಂತು ನೋಡಿದರು. ಕಂಟ್ರೋಲ್ ರೂಮಿನಲ್ಲಿ ಅವನು ಅವರಿಗೆ ಕುರ್ಚಿ ಎಳೆದು, ತಾನು ಕೀಬೋರ್ಡಿನ ಮುಂದೆ ಕೂತು ಹೊಸ ಶೆಲ್ ತೆರೆದ.

"ಮೇಷ್ಟ್ರೇ, ನೀವು ಅಂದ್ರಲ್ಲ, ಟ್ಯಾಬು. ಹಾಕ್ಕೊಂಡೆ."

"ಓ. ಯಾರ ಹತ್ರ ಮಾಡಿಸಿದ್ರಿ?"

ಸರಪಳಿ ಎಳೆದ ಹಾಗೆ ಮಗಳು ಕೆಮ್ಮಿದಳು.

"ನಾನೇ ಮಾಡ್ಕೊಂಡೆ" ಎಂದು ಅವನು ಆದಷ್ಟು ಮೆತ್ತಗೆ ಹೇಳಿದ. "ನೋಡಿ, ಇದು ಮಟ್ಟ."

ಎರಡಕ್ಷರ, ಟ್ಯಾಬ್. ಸಾಲು ಬಂತು. ಮೇಷ್ಟ್ರು ತಲೆದೂಗಿದರು. ಅವನ ಎದೆ ಒಂದಂಗುಲ ಉಬ್ಬಿತು.

"ಇದಿನ್ನೇನು. ಆ ಉದ್ದದ್ದು ನೋಡಿ, ಬ್ಯಾಕಪ್ಪು." ಪರದೆಯ ಕಡೆ ನೋಡದೆ, ಮೇಷ್ಟ್ರ ಮುಖ ನೋಡುತ್ತಲೇ, ಬಿ, ಎ, ಟ್ಯಾಬ್ ಎಂದು ಮೂರು ಏಟು ಹಾಕಿದ.

ಮೇಷ್ಟ್ರ ಮುಖದಲ್ಲಿ ಹುಬ್ಬುಗಳು ನಿಧಾನವಾಗಿ ಮೇಲಕ್ಕೆ ಹೋದವು. ಮಗಳು "ಅಪ್ಪಾ" ಎಂದಳು, ನೀರಿನ ಕೆಳಗಿನಿಂದ ಕರೆದ ಹಾಗೆ. ಅವನು ಪರದೆಗೆ ತಿರುಗಿದ. ಬಡಾಯಿ ಮೇಷ್ಟ್ರು ಅಲ್ಲಿ, ತಮ್ಮ ಮಗನನ್ನು ತಾವೇ ಇಟ್ಟುಕೊಳ್ಳಬೇಕಾದ ಸಾಲಿನೊಂದಿಗೆ, ಅಚ್ಚುಕಟ್ಟಾಗಿ ಕೂತಿದ್ದರು.

ಅಳಿಸುವ ಕೀಲಿ ಯಾವುದೆಂದು ಆ ಗಳಿಗೆಯಲ್ಲಿ ಅವನಿಗೆ ಮರೆತೇ ಹೋಯಿತು. ಗಾಬರಿಯಲ್ಲಿ ಬೆರಳು ಮತ್ತೆ ಟ್ಯಾಬಿನ ಮೇಲೇ ಬಿತ್ತು, ಒಂದಲ್ಲ, ಎರಡು ಸಲ. ಬೇಕಾಗಿದ್ದ ಬ್ಯಾಕಪ್ ಆಜ್ಞೆ ಮಿಂಚಿ ಮಾಯವಾಗಿ, ಅದರ ಹಿಂದಿನ ಹಳೆಯ ಸಾಲೊಂದು ಬಂದು ನಿಂತಿತು: ಬಾಯಿ ಮುಚ್ಚೋ ಕುಕ್ಕರ್, ಲೋಟ ನೀರಿಗೋಸ್ಕರ ಮಗಳ ಸಂಬಂಧ ಕಳೆದೆಯಲ್ಲೋ.

ಮಗಳು ಆ ಸಾಲನ್ನು ಓದಿ, ಇನ್ನೊಮ್ಮೆ ಓದಿ, ಅಪ್ಪನ ಕಡೆ ನೋಡಿದಳು. ಅವನು ಅವಳ ಕಡೆ ನೋಡಲಿಲ್ಲ. ಈ ಪಂಪ್‌ಹೌಸಿನ ಎಲ್ಲ ವಾಲ್ವುಗಳು ಒಂದೇ ಸಲ ತೆರೆದು ನೀರು ತನ್ನನ್ನು ಕೊಚ್ಚಿಕೊಂಡು ಹೋಗಲಿ ಎಂದರೂ ಅದಕ್ಕೂ ಆಜ್ಞೆ ಟೈಪ್ ಮಾಡಬೇಕು ಎಂದು ಅವನಿಗೆ ಅನಿಸಿತು.

"ಕುಕ್ಕರ್ ಯಾರು?" ಎಂದು ಮೇಷ್ಟ್ರು ಕೇಳಿದರು.

"ನಾನೇ."

"ಮೊದಲು ಬಂದಿತ್ತಲ್ಲ, ಆ ಬಡಾಯಿ?"

"ನೀವು."

"ಯಾವಾಗ ಬರೆದದ್ದು?"

"ಮೊನ್ನೆ. ನೀವು ಫೋನ್ ಇಟ್ಟ ಮೇಲೆ."

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. "ಈಗ್ಲೂ ಹಾಗೇ ಅನ್ಸುತ್ತಾ?"

ಇಲ್ಲ ಎಂದುಬಿಡು ಎಂದು ಮಗಳ ಕಣ್ಣು ಕೂಗುತ್ತಿತ್ತು. ಅವನಿಗೂ ಹಾಗೇ ಹೇಳುವ ಮನಸ್ಸು. ಆದರೆ ಸುಳ್ಳು ಹೇಳುವಾಗ ಅವನ ದನಿ ಏರುತ್ತದೆ, ದನಿ ಏರಿದರೆ ಮುಂದಿನದು ಊರಿಗೇ ಗೊತ್ತು.

"ಅರ್ಧ ಅನ್ಸುತ್ತೆ" ಎಂದ. "ಮೊದಲನೇ ವರ್ಷದ ಮಕ್ಕಳೂ ಮಾಡ್ತಾರೆ ಅಂದ್ರಲ್ಲ, ಅದು ಬಡಾಯಿನೇ. ಮಗನ್ನ ಇಟ್ಕೋ ಅಂದಿದ್ದು ಮಾತ್ರ ಇಲ್ಲ. ಅದು ಸಿಟ್ಟಲ್ಲಿ ಕೈ ಹೊಡೆದದ್ದು. ನನ್ನ ಮಗಳಿಗೆ ನಿಮ್ಮ ಮಗ ಬೇಕು. ನನ್ನ ಬೆರಳಿನ ತಪ್ಪಿಗೆ ಅವಳನ್ನ ಶಿಕ್ಷಿಸಬೇಡಿ."

ಇಷ್ಟು ಮೆತ್ತಗೆ ಅವನು ಯಾವತ್ತೂ ಮಾತಾಡಿರಲಿಲ್ಲ. ಮೇಷ್ಟ್ರು ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಾಗಿದರು.

"ಇದನ್ನ ಅಳಿಸೋಕೆ ನೋಡಿರ್ಬೇಕಲ್ಲ ನೀವು?"

"ನೋಡೋದೇನು, ಒಂದೊಂದೇ ಅಳಿಸಿದೆ ನಿನ್ನೆ. ದೆವ್ವದ ಹಾಗೆ ವಾಪಸ್ ಬಂದಿದೆ."

"ಬೈದ ಶೆಲ್ಲಲ್ಲೇ ಕೂತು ಕಡತ ಅಳಿಸಿ, ಆಮೇಲೆ ಆ ಶೆಲ್ ಮುಚ್ಚಿದ್ರಾ?"

"ಹೌದು. ಮುಚ್ಚದೇ ತೆರೆದಿಟ್ಟು ಹೋಗ್ಲಾ?"

"ಅಲ್ಲೇ ಆಗಿದ್ದು." ಮೇಷ್ಟ್ರ ಮುಖ ಬೆಳಗಿತು. ತಮ್ಮನ್ನು ಬೈದದ್ದು ಅವರಿಗೆ ಮರೆತೇ ಹೋದಂತಿತ್ತು. ಪಾಠ ಸಿಕ್ಕಿತ್ತಲ್ಲ. "ತೆರೆದಿರೋ ಶೆಲ್ ತನ್ನ ಹೊಟ್ಟೆಯಲ್ಲೊಂದು ಪ್ರತಿ ಇಟ್ಟುಕೊಂಡಿರುತ್ತೆ. ಮುಚ್ಚುವಾಗ ಅದನ್ನ ಕಡತದ ಮೇಲೆ ಕಕ್ಕುತ್ತೆ. ನೀವು ಗೋಡೆ ತೊಳೆದ್ರಿ, ಅದು ಹೋಗ್ತಾ ಮತ್ತೆ ಬರೆದು ಹೋಯ್ತು. ಇದು ಎರಡನೇ ವರ್ಷದ ಮಕ್ಕಳಿಗೂ—"

ಮೇಷ್ಟ್ರು ತಡೆದು ನಿಂತರು. ಅವನ ಕಿವಿ ಕೆಂಪಾಗತೊಡಗಿತ್ತು. ಕುತ್ತಿಗೆಯ ನರ ಎದ್ದಿತ್ತು. ಒಂದು ಮಾತು, ಪೂರ್ತಿ ತಯಾರಾಗಿ, ನಾಲಿಗೆಯ ತುದಿಗೆ ಬಂದು ನಿಂತಿತ್ತು. ಮಗಳು ಕಣ್ಣು ಮುಚ್ಚಿಕೊಂಡಳು.

ಮೇಷ್ಟ್ರು ಕೀಬೋರ್ಡನ್ನು ಅವನ ಕಡೆ ತಳ್ಳಿದರು.

"ಇಲ್ಲಿ ಹೊಡೀರಿ. ಆದ್ರೆ ಮುಂದೆ ಒಂದು ಖಾಲಿ ಜಾಗ ಬಿಟ್ಟು ಶುರು ಮಾಡಿ."

"ಯಾಕೆ?"

"ಸಾಲಿನ ಮೊದಲಿಗೆ ಒಂದು ಸ್ಪೇಸ್ ಇದ್ರೆ ಅದನ್ನ ನೆನಪಿಟ್ಟುಕೋಬೇಡ ಅಂತ ಶೆಲ್ಲಿಗೆ ಹೇಳಿಡಬಹುದು. ಅದಕ್ಕೂ ಒಂದೇ ಸಾಲು. ತಡೀರಿ, ನಾನೇ ಹಾಕಿಕೊಡ್ತೀನಿ." ಹತ್ತೂ ಬೆರಳಲ್ಲಿ, ಹೂವು ಬಿಡಿಸುವ ಹಾಗೆ ಏನೋ ಹೊಡೆದರು. "ಈಗ ಬೈಯಿರಿ. ಟ್ಯಾಬಿಗೆ ಸಿಗಲ್ಲ, ಕಡತಕ್ಕೆ ಹೋಗಲ್ಲ."

ಅವನು ಮೇಷ್ಟ್ರನ್ನು ಓರೆಗಣ್ಣಲ್ಲಿ ನೋಡಿದ. "ನಿಮಗೆ ಇದೆಲ್ಲ ಹೇಗೆ ಗೊತ್ತು? ಕಾಲೇಜಲ್ಲಿ ಇದನ್ನೂ ಪಾಠ ಮಾಡ್ತಿದ್ರಾ?"

"ನಮಗೊಬ್ಬ ಪ್ರಿನ್ಸಿಪಾಲರಿದ್ದರು" ಎಂದು ಮೇಷ್ಟ್ರು ಸ್ವಲ್ಪ ತಡೆದರು. "ಮೂವರಿದ್ದರು."

ಮಗಳು ಕಣ್ಣು ತೆರೆದಳು. ಮೊದಲು ಅವಳೇ ನಕ್ಕಳು, ಬಾಯಿಗೆ ಕೈ ಅಡ್ಡ ಹಿಡಿದು. ಮೇಷ್ಟ್ರು ನಗಲಿಲ್ಲ, ಆದರೆ ಅವರ ಹೊಟ್ಟೆ ಅಂಗಿಯೊಳಗೆ ಅಲುಗುತ್ತಿತ್ತು.

"ಮಗನ್ನ ನಾನೇ ಇಟ್ಕೊಳ್ಳೋದಾ, ಕೊಡೋದಾ?" ಎಂದು ಮೇಷ್ಟ್ರು ಅವಳನ್ನೇ ಕೇಳಿದರು.

"ಕೊಡಿ" ಎಂದಳು ಅವಳು. "ಅಪ್ಪನ್ನ ಬೇಕಾದ್ರೆ ನೀವು ಇಟ್ಕೊಳ್ಳಿ."

"ಬೀಗರಾದ ಮೇಲೆ ಹೇಗೂ ಇಟ್ಕೋಬೇಕಲ್ಲ."

ಕುಕ್ಕರಿನ ನಾಲಿಗೆಯ ತುದಿಯಲ್ಲಿ ನಿಂತಿದ್ದ ಮಾತು ಇನ್ನೂ ಅಲ್ಲೇ ಇತ್ತು, ಎರಡನೇ ವರ್ಷದ ಮಕ್ಕಳ ಸಮೇತ. ಕೀಬೋರ್ಡನ್ನು ಹತ್ತಿರ ಎಳೆದುಕೊಂಡ. ಹೆಬ್ಬೆರಳಿನಲ್ಲಿ ಒಂದು ಖಾಲಿ ಜಾಗ ಬಿಟ್ಟ. ಆ ಖಾಲಿ ಜಾಗ ಬಿಡುವಷ್ಟು ಹೊತ್ತು ತನ್ನ ಆಯುಷ್ಯದಲ್ಲಿ ಬಯ್ಯುವ ಮುಂಚೆ ಎಂದೂ ಕಾದವನಲ್ಲ ಎಂಬುದು ಅವನಿಗೇ ವಿಚಿತ್ರವೆನಿಸಿತು. ಆಮೇಲೆ ಎರಡು ತೋರುಬೆರಳಲ್ಲಿ ದಬದಬನೆ ಕುಟ್ಟಿ ಎಂಟರ್ ಒತ್ತಿದ. ಉತ್ತರ ಬಂದೊಡನೆ ಪರದೆಯ ಸಾಲುಗಳನ್ನು ಅಳಿಸಿಬಿಟ್ಟ.

"ಏನಂತ ಬೈದ್ರಿ?" ಎಂದು ಮೇಷ್ಟ್ರು ಕೇಳಿದರು.

ಅವನು ಬೈಗುಳದ ಮೊದಲೆರಡು ಅಕ್ಷರ ಮಾತ್ರ ಹೊಡೆದು ಕೀಬೋರ್ಡನ್ನು ಅವರತ್ತ ತಳ್ಳಿದ. "ಟ್ಯಾಬ್ ಒತ್ತಿ ನೋಡಿ."

ಮೇಷ್ಟ್ರು ಒತ್ತಿದರು. ಏನೂ ಸಿಗದೆ ಶೆಲ್ ಟಿಂಗ್ ಎಂದಿತು. ಪಕ್ಕದ ಕೋಣೆಯಿಂದ ಫಿಟ್ಟರ್ ತಲೆ ಹಾಕಿ, "ಅಣ್ಣಾ, ಮತ್ತೆ ಖಾಲಿನಾ?" ಎಂದ.